ರಾತ್ರಿ ಹತ್ತರ ಮೇಲೆ ಕಾಲು ಯಾವ ಬೀದಿ ಹಿಡಿಯುತ್ತದೆ?

ರಾತ್ರಿ ಹತ್ತೂವರೆ. ಬೆಂಗಳೂರಿನ ಸೇಂಟ್ ಮಾರ್ಕ್ಸ್ ರಸ್ತೆಯಿಂದ ಬ್ರಿಗೇಡ್ ರಸ್ತೆಗೆ ಒಬ್ಬರೇ ನಡೆದು ಹೋಗಬೇಕು ಅಂದುಕೊಳ್ಳಿ. ಚರ್ಚ್ ಸ್ಟ್ರೀಟಿನಲ್ಲಿ ನೇರ ಹೋಗಬಹುದು, ಇಲ್ಲವೇ ಒಂದು ಅಡ್ಡರಸ್ತೆ ಹಿಡಿದು ಕಾಂಪೌಂಡ್ ಗೋಡೆಗಳ ಪಕ್ಕದಲ್ಲಿ ಸುತ್ತಿ ಹೋಗಬಹುದು. ಯೋಚನೆ ಮಾಡುವ ಮೊದಲೇ ಕಾಲು ಚರ್ಚ್ ಸ್ಟ್ರೀಟಿಗೆ ತಿರುಗಿರುತ್ತದೆ. ಅಲ್ಲಿ ಪೊಲೀಸರು ಕಾಣುತ್ತಿದ್ದಾರೆಂದಲ್ಲ. ಪುಸ್ತಕದಂಗಡಿಯ ಶಟರ್ ಎಳೆಯುತ್ತಿರುವ ಹುಡುಗ, ಹೋಟೆಲಿನ ಮುಂದೆ ಆಟೊಗೆ ಕಾಯುತ್ತಿರುವ ಅಮ್ಮ-ಮಗಳು, ಮೆಟ್ಟಿಲ ಮೇಲೆ ಗಿಟಾರ್ ಹಿಡಿದು ಕೂತ ಕಾಲೇಜು ಮಕ್ಕಳು, ಇವರೆಲ್ಲ ಕಣ್ಣಿಗೆ ಬೀಳುತ್ತಾರೆ. ಕೂಗಿದರೆ ಯಾರಾದರೂ ತಿರುಗಿ ನೋಡುತ್ತಾರೆ ಅನ್ನುವ ನಂಬಿಕೆ ಕಾಲಿಗೆ ಬರುತ್ತದೆ.

ಊರಿನ ನಡುಭಾಗದ ಸುರಕ್ಷತೆಯ ಮಾತು ಬಂದಾಗಲೆಲ್ಲ ನಾವು ಪೊಲೀಸ್, ಕ್ಯಾಮೆರಾ, ದಂಡ ಎಂಬ ಮೂರು ಪದಗಳಲ್ಲೇ ಮುಗಿಸಿಬಿಡುತ್ತೇವೆ. ಈ ಮೂರೂ ಬೇಕು. ಆದರೆ ಬೀದಿಯೊಂದು ನಿರ್ಭಯವಾಗುವುದು ಮುಖ್ಯವಾಗಿ ಅಲ್ಲಿ ದಿನವೂ ಕೆಲಸವಿರುವ, ಆ ಜಾಗ ತನ್ನದು ಅಂದುಕೊಂಡಿರುವ ಜನರಿಂದ. ಅವರನ್ನು ಅಲ್ಲಿ ಇರಗೊಡುವ ಫುಟ್‌ಪಾತು, ದೀಪ, ಶೌಚಾಲಯಗಳ ನಿತ್ಯದ ನಿರ್ವಹಣೆಯೂ ಅಷ್ಟೇ ಮುಖ್ಯ. ಇದು ಹೇಗೆ ನಡೆಯುತ್ತದೆ ಎಂಬುದನ್ನು ಎಂ.ಜಿ. ರಸ್ತೆ, ಚರ್ಚ್ ಸ್ಟ್ರೀಟ್, ಮೆಜೆಸ್ಟಿಕ್ ಸುತ್ತಮುತ್ತ ನಿಂತುಕೊಂಡೇ ನೋಡೋಣ.

ಜಗಲಿಯ ಕೆಲಸ

ನಮ್ಮ ಪೇಟೆಗಳ ಹಳೆಯ ಮನೆಗಳಿಗೆ ಬೀದಿಗೆ ಮುಖ ಮಾಡಿದ ಜಗಲಿ ಇರುತ್ತಿತ್ತು. ಸಂಜೆ ಅಲ್ಲಿ ಅಜ್ಜಿ ಕೂತು ಹೂ ಕಟ್ಟುತ್ತಿದ್ದರೆ ಅದು ಮನೆಗೆಲಸವೂ ಹೌದು, ಬೀದಿಯ ಕಾವಲೂ ಹೌದು. ಯಾರ ಮನೆಗೆ ಯಾರು ಬಂದರು, ಯಾವ ಹುಡುಗ ಯಾವ ಹುಡುಗಿಯ ಹಿಂದೆ ಸುಮ್ಮನೆ ನಡೆಯುತ್ತಿದ್ದಾನೆ, ಎಲ್ಲ ಅಜ್ಜಿಗೆ ಗೊತ್ತಾಗುತ್ತಿತ್ತು. ಜಗಲಿಯ ಈ ಕಣ್ಣಿನಲ್ಲಿ ಜಾತಿಯ ಕಾವಲೂ ಹೆಣ್ಣುಮಕ್ಕಳ ಮೇಲಿನ ಕಾವಲೂ ಬೆರೆತಿತ್ತು ಎಂಬುದನ್ನು ಮರೆಯಬಾರದು. ಆದರೂ ಬೀದಿಗೆ ಕಣ್ಣಿದ್ದರೆ ತಪ್ಪು ಮಾಡುವವನ ಕೈ ಹಿಂಜರಿಯುತ್ತದೆ ಎಂಬ ಸಂಗತಿ ಸುಳ್ಳಲ್ಲ.

ಈಗಿನ ಕಟ್ಟಡಗಳನ್ನು ನೋಡಿ. ನೆಲಮಹಡಿಯಲ್ಲಿ ಕಾರು ನಿಲ್ಲಿಸುವ ಜಾಗ, ಅದರ ಮುಂದೆ ಎತ್ತರದ ಕಾಂಪೌಂಡು, ಗೇಟಿನಲ್ಲಿ ಒಳಗಿನ ಆಸ್ತಿಯನ್ನಷ್ಟೇ ಕಾಯುವ ಸೆಕ್ಯುರಿಟಿ. ಆರನೇ ಮಹಡಿಯ ಗಾಜಿನ ಹಿಂದೆ ನೂರು ಜನ ಇದ್ದರೂ ಕೆಳಗಿನ ಬೀದಿಗೆ ಒಂದು ಕಣ್ಣೂ ಇಲ್ಲ. ನೂರು ಮೀಟರ್ ಉದ್ದದ ಕುರುಡು ಗೋಡೆ ಎದುರಾದರೆ ನಡೆಯುವವರು ರಸ್ತೆಯ ಆಚೆ ಬದಿಗೆ ದಾಟುತ್ತಾರೆ. ದಾಟಿದಷ್ಟೂ ಈ ಬದಿ ಖಾಲಿಯಾಗುತ್ತದೆ. ಖಾಲಿಯಾದ ಗೋಡೆಯ ಬುಡದಲ್ಲಿ ಮೊದಲು ಮೂತ್ರ, ಆಮೇಲೆ ಕಸ, ಆಮೇಲೆ ಬಾಟಲಿ. ಇದರಲ್ಲಿ ಯಾರೂ ಊರು ಕೆಡಿಸಲೆಂದು ಹೊರಟಿರುವುದಿಲ್ಲ. ಒಬ್ಬೊಬ್ಬರೂ ತಮ್ಮ ಪಾಡಿಗೆ ತಾವು ತೆಗೆದುಕೊಂಡ ತೀರ್ಮಾನಗಳು ಸೇರಿ ಒಂದು ಬೀದಿಯನ್ನು ಕೊಲ್ಲುತ್ತವೆ.

ಬೀದಿಯಲ್ಲಿ ಈ ಜಗಲಿಯ ಕೆಲಸವನ್ನು ಇವತ್ತು ಮಾಡುತ್ತಿರುವವರು ಬೀದಿಬದಿ ವ್ಯಾಪಾರಿಗಳು. ಬಸ್ ಸ್ಟಾಪಿನ ಪಕ್ಕ ಹೂ ಮಾರುವ ಅಕ್ಕ, ಬೇಯಿಸಿದ ಕಡಲೆಕಾಯಿಯ ತಳ್ಳುಗಾಡಿಯ ಅಣ್ಣ, ರಾತ್ರಿ ಹನ್ನೊಂದರವರೆಗೂ ಬಲ್ಬು ಉರಿಸಿಕೊಂಡು ಆಮ್ಲೆಟ್ ಹಾಕುವವರು. ಬಸ್ಸು ಕಾಯುವಾಗ ನಾನು ಯಾವತ್ತೂ ಹೂವಿನವರ ಪಕ್ಕ ನಿಲ್ಲುತ್ತೇನೆ. ನನ್ನಂತೆ ನಿಲ್ಲುವ ಹೆಂಗಸರು ಬಹಳ ಮಂದಿ. ಹಾಗಿದ್ದೂ ‘ನಗರ ಸ್ವಚ್ಛ’ ಮಾಡುವ ಕಾರ್ಯಾಚರಣೆಯಲ್ಲಿ ಮೊದಲು ಎತ್ತಂಗಡಿಯಾಗುವವರು ಇವರೇ. 2014ರ ಬೀದಿ ವ್ಯಾಪಾರಿಗಳ ಕಾಯ್ದೆ ಇದಕ್ಕೊಂದು ದಾರಿ ಹಾಕಿಕೊಟ್ಟಿದೆ: ಸಮೀಕ್ಷೆ ಮಾಡಬೇಕು, ಪ್ರಮಾಣಪತ್ರ ಕೊಡಬೇಕು, ಎಲ್ಲಿ ವ್ಯಾಪಾರ ಮಾಡಬಹುದು ಎಲ್ಲಿ ಬಾರದು ಎಂಬುದನ್ನು ಪಟ್ಟಣ ವ್ಯಾಪಾರ ಸಮಿತಿಯ ಸಲಹೆಯಂತೆ ಗೊತ್ತುಮಾಡಬೇಕು, ಸ್ಥಳಾಂತರಿಸುವ ಮೊದಲು 30 ದಿನದ ನೋಟಿಸ್ ಕೊಡಬೇಕು. ಆ ಸಮಿತಿಯಲ್ಲಿ ಶೇ. 40ಕ್ಕೆ ಕಡಿಮೆಯಿಲ್ಲದಷ್ಟು ಸದಸ್ಯರು ವ್ಯಾಪಾರಿಗಳೇ ಆಗಿರಬೇಕು, ಅವರಲ್ಲಿ ಮೂರನೇ ಒಂದು ಭಾಗ ಮಹಿಳೆಯರು. ಫುಟ್‌ಪಾತಿನಲ್ಲಿ ನಡೆಯಲು ಕನಿಷ್ಠ 1.8 ಮೀಟರ್ ತೆರವಾಗಿರಬೇಕೆಂದು ಭಾರತೀಯ ರಸ್ತೆ ಕಾಂಗ್ರೆಸ್ಸಿನ ಮಾನದಂಡ ಹೇಳುತ್ತದೆ. ಇವೆರಡನ್ನೂ ಒಟ್ಟಿಗಿಟ್ಟು ನೋಡಿದರೆ ಗಾಲಿಕುರ್ಚಿಯೂ ಸಾಗುತ್ತದೆ, ಹೂವಿನ ಬುಟ್ಟಿಯೂ ಉಳಿಯುತ್ತದೆ. ಒಂದನ್ನು ಹಿಡಿದು ಇನ್ನೊಂದನ್ನು ಹೊಡೆಯುವ ಅಗತ್ಯವಿಲ್ಲ.

ಚರ್ಚ್ ಸ್ಟ್ರೀಟ್ ಕಲಿಸಿದ್ದು

ಚರ್ಚ್ ಸ್ಟ್ರೀಟ್ ಹುಟ್ಟಿನಿಂದಲೇ ಹೀಗಿರಲಿಲ್ಲ. ಒಡೆದ ಚಪ್ಪಡಿ, ಬಾಯಿ ತೆರೆದ ಚರಂಡಿ, ಎರಡೂ ಬದಿ ಒತ್ತೊತ್ತಾಗಿ ನಿಂತ ವಾಹನಗಳು. 2014ರ ಡಿಸೆಂಬರ್ 28ರ ರಾತ್ರಿ ಇಲ್ಲೇ ಬಾಂಬ್ ಸ್ಫೋಟವಾಗಿ ಒಬ್ಬ ಮಹಿಳೆ ತೀರಿಕೊಂಡರು. ಆಮೇಲೆ ಹಲವು ದಿನ ಆ ಬೀದಿಗೆ ಹೋಗುವುದೆಂದರೆ ಮನೆಯವರು ಹಿಂದೆಮುಂದೆ ನೋಡುತ್ತಿದ್ದರು. ಟೆಂಡರ್‌ಶ್ಯೂರ್ ಯೋಜನೆಯಡಿ ಸೇಂಟ್ ಮಾರ್ಕ್ಸ್, ರೆಸಿಡೆನ್ಸಿ, ವಿಠಲ್ ಮಲ್ಯ ಮೊದಲಾದ ರಸ್ತೆಗಳಲ್ಲಿ ಫುಟ್‌ಪಾತು ಅಗಲವಾದವು, ಕೇಬಲ್ಲು-ಕೊಳವೆಗಳು ಅದರಡಿ ಸೇರಿದವು. ಬಳಿಕ ಚರ್ಚ್ ಸ್ಟ್ರೀಟಿಗೂ ಕಲ್ಲು ಹಾಸಿ 2018ರಲ್ಲಿ ಹೊಸದಾಗಿ ತೆರೆದರು. 2020ರ ನವೆಂಬರಿನಿಂದ ಕೆಲ ತಿಂಗಳು ವಾರಾಂತ್ಯಗಳಲ್ಲಿ ಇಲ್ಲಿ ವಾಹನಗಳನ್ನೇ ಬಿಡಲಿಲ್ಲ. ನಗರ ಭೂಸಾರಿಗೆ ನಿರ್ದೇಶನಾಲಯದ ಆ ಪ್ರಯೋಗದ ಹೊತ್ತಿನಲ್ಲಿ ಅಜ್ಜ-ಅಜ್ಜಿಯರು ನಡುರಸ್ತೆಯಲ್ಲಿ ನಡೆದಾಡಿದರು, ಮಕ್ಕಳು ಓಡಿದರು.

ಇಲ್ಲಿ ಗಮನಿಸಬೇಕಾದ್ದು ಕಲ್ಲಿನ ಚಂದವನ್ನಲ್ಲ. ರಸ್ತೆ ಕಿರಿದಾಗಿ ಕಲ್ಲುಹಾಸು ಬಂದಾಗ ವಾಹನಗಳ ವೇಗ ತಾನಾಗಿ ಇಳಿಯಿತು. ವೇಗ ಇಳಿದಾಗ ಸದ್ದು ಇಳಿಯಿತು. ಸದ್ದು ಇಳಿದಾಗ ಜನ ನಿಂತು ಮಾತಾಡಿದರು. ನಿಂತವರಿದ್ದಾಗ ಅಂಗಡಿಗಳು ತಡವಾಗಿ ಮುಚ್ಚಿದವು. ತಡವಾಗಿ ಮುಚ್ಚುವ ಅಂಗಡಿಯ ಬೆಳಕೇ ರಾತ್ರಿ ನಡೆಯುವವಳಿಗೆ ಆಸರೆ. ಈ ಕೊಂಡಿಯಲ್ಲಿ ಎಲ್ಲಿಯೂ ಪೊಲೀಸ್ ಇಲಾಖೆ ಬರಲಿಲ್ಲ, ಆದರೂ ಬೀದಿ ಬದಲಾಯಿತು.

ಆದರೆ ಕಟ್ಟಿದ ಮೇಲೆ ಕಾಯುವುದು ಬೇರೆ ಕೆಲಸ. ಕಲ್ಲು ಸಡಿಲಾಗುತ್ತದೆ, ಯಾರೋ ಕೇಬಲ್ಲಿಗೆಂದು ಅಗೆದು ಮಣ್ಣು ಮುಚ್ಚಿ ಹೋಗುತ್ತಾರೆ, ಫುಟ್‌ಪಾತಿನ ಮೇಲೆ ಬೈಕು ಹತ್ತುತ್ತದೆ. ಒಂದು ಬೈಕು ಹತ್ತಿ ನಿಂತು ಎರಡು ದಿನ ಯಾರೂ ಕೇಳದಿದ್ದರೆ ಮೂರನೇ ದಿನ ಹತ್ತು ಬೈಕು. ಕೆಟ್ಟ ನಡವಳಿಕೆ ಹಬ್ಬುವುದು ಹೀಗೆ. ‘ಇಲ್ಲಿ ಹೀಗೆ ಮಾಡಬಹುದು’ ಎಂದು ಜಾಗವೇ ಹೇಳಿಕೊಡುತ್ತದೆ. 1982ರಲ್ಲಿ ಅಮೆರಿಕದ ಜೇಮ್ಸ್ ವಿಲ್ಸನ್, ಜಾರ್ಜ್ ಕೆಲಿಂಗ್ ಇದನ್ನು ‘ಒಡೆದ ಕಿಟಕಿ’ಯ ಉಪಮೆಯಿಂದ ವಿವರಿಸಿದರು: ಒಂದು ಗಾಜು ಒಡೆದು ಹಾಗೆಯೇ ಬಿಟ್ಟರೆ ಉಳಿದವೂ ಒಡೆಯುತ್ತವೆ. ಅಲ್ಲಿನ ಹಲವು ನಗರಗಳು ಇದನ್ನು ತಪ್ಪಾಗಿ ಓದಿಕೊಂಡವು. ಕಿಟಕಿ ರಿಪೇರಿ ಮಾಡುವುದನ್ನು ಬಿಟ್ಟು, ಕಿಟಕಿಯ ಪಕ್ಕ ನಿಂತ ಬಡವರನ್ನು, ಕಪ್ಪುವರ್ಣೀಯ ಯುವಕರನ್ನು ಹಿಡಿದು ತಡಕಾಡಿದವು. ಫಿಲಡೆಲ್ಫಿಯಾದಲ್ಲಿ ಮಾತ್ರ ನಿಜವಾಗಿ ರಿಪೇರಿ ಮಾಡಿ ನೋಡಿದರು. 541 ಪಾಳು ನಿವೇಶನಗಳನ್ನು ಆರಿಸಿ, ಅವುಗಳಲ್ಲಿ ಕೆಲವಕ್ಕೆ ಕಸ ತೆಗೆದು, ಹುಲ್ಲು ಬೆಳೆಸಿ, ಸಣ್ಣ ಮರದ ಬೇಲಿ ಹಾಕಿದರು. ಕಡುಬಡ ಪ್ರದೇಶಗಳಲ್ಲಿ ಹಾಗೆ ಮಾಡಿದ ಕಡೆ ಬಂದೂಕಿನ ಹಿಂಸೆ ಶೇ. 29ರಷ್ಟು ಇಳಿದದ್ದು 2018ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ ಕಂಡುಬಂತು. ಜನರನ್ನು ದಂಡಿಸಿ ಬಂದ ಫಲವಲ್ಲ ಅದು, ಜಾಗವನ್ನು ನೋಡಿಕೊಂಡದ್ದಕ್ಕೆ ಬಂದದ್ದು.

ಇದೇ ಅರಿವಿನಿಂದ ನಮ್ಮಲ್ಲೂ ಕೆಲಸ ನಡೆದಿದೆ. 2010ರಲ್ಲಿ ಶುರುವಾದ, ಹೆಸರು ಹೇಳಿಕೊಳ್ಳದ ಸ್ವಯಂಸೇವಕರ ‘ದಿ ಅಗ್ಲಿ ಇಂಡಿಯನ್’ ಗುಂಪು ಮೊದಮೊದಲು ಕೈಹಾಕಿದ ಜಾಗಗಳಲ್ಲಿ ಚರ್ಚ್ ಸ್ಟ್ರೀಟೂ ಒಂದು. ಭಾಷಣವಿಲ್ಲ, ಫಲಕವಿಲ್ಲ. ಕಸ ಬೀಳುವ ಮೂಲೆಯನ್ನು ತೊಳೆದು, ಗೋಡೆಯ ಕೆಳಭಾಗಕ್ಕೆ ಕೆಮ್ಮಣ್ಣಿನ ಬಣ್ಣ ಬಳಿದು, ಗಿಡ ಇಟ್ಟು ಹೋಗುವುದು. ಗೋಡೆಯ ಬುಡಕ್ಕೆ ಆ ಬಣ್ಣವೇ ಯಾಕೆಂದರೆ ಅದರ ಮೇಲೆ ಎಲೆಅಡಿಕೆಯ ಕಲೆ ಎದ್ದು ಕಾಣುವುದಿಲ್ಲ. ಮೊದಲ ಕಲೆ ಕಾಣದಿದ್ದರೆ ಎರಡನೆಯವನಿಗೆ ಉಗಿಯಲು ‘ಅನುಮತಿ’ ಸಿಗುವುದಿಲ್ಲ.

ಮೂತ್ರದ ಗೋಡೆ, ದೇವರ ಟೈಲ್ಸು

ಗೋಡೆಯ ಮೇಲೆ ಗಣಪತಿ, ಏಸು, ಮೆಕ್ಕಾದ ಚಿತ್ರವಿರುವ ಟೈಲ್ಸುಗಳನ್ನು ಸಾಲಾಗಿ ಅಂಟಿಸಿರುವುದನ್ನು ಎಲ್ಲರೂ ನೋಡಿದ್ದೇವೆ. ಕೆಲವು ಕಡೆ ಅದು ಕೆಲಸ ಮಾಡುತ್ತದೆ, ಆ ಗೋಡೆಯ ಮಟ್ಟಿಗೆ. ಆದರೆ ಮೆಜೆಸ್ಟಿಕ್ಕಿನಲ್ಲಿ ರಾಯಚೂರಿನ ಬಸ್ಸಿಗೆ ಮೂರು ಗಂಟೆ ಕಾಯುವ ಕೂಲಿಯವರ ಮೂತ್ರಚೀಲ ದೇವರ ಚಿತ್ರ ನೋಡಿ ಖಾಲಿಯಾಗುವುದಿಲ್ಲ. ಹತ್ತಿರದ ಶೌಚಾಲಯಕ್ಕೆ ಬೀಗ ಬಿದ್ದಿದ್ದರೆ, ಇಲ್ಲವೇ ಚಿಲ್ಲರೆ ಕೊಡದೆ ಒಳಗೆ ಬಿಡದಿದ್ದರೆ ಮುಂದಿನ ಗೋಡೆ ಹುಡುಕುತ್ತಾರೆ. ಹೆಂಗಸರ ಪಾಡು ಇನ್ನೂ ಕಷ್ಟ. ಅವರು ನೀರು ಕುಡಿಯುವುದನ್ನೇ ಬಿಡುತ್ತಾರೆ. ತಳ್ಳುಗಾಡಿಯ ಹೆಂಗಸರನ್ನು ಕೇಳಿ, ಬೆಳಗ್ಗೆ ಕಾಫಿಯಾದ ಮೇಲೆ ಸಂಜೆವರೆಗೆ ಗಂಟಲು ಒಣಗಿಸಿಕೊಂಡೇ ಇರುವವರು ಎಷ್ಟು ಮಂದಿ ಎಂದು ಗೊತ್ತಾಗುತ್ತದೆ.

ಕಾನೂನು ಇಲ್ಲವೆಂದಲ್ಲ. ಬೀದಿಯಲ್ಲಿ ಹೊಲಸು ಮಾಡುವುದು, ಗಲಾಟೆ ಎಬ್ಬಿಸುವುದು 1963ರ ಕರ್ನಾಟಕ ಪೊಲೀಸ್ ಕಾಯ್ದೆಯ 92ನೇ ಕಲಂ ಪ್ರಕಾರ ಅಪರಾಧ. ಕುಡಿದು ಸಾರ್ವಜನಿಕವಾಗಿ ಕಿರಿಕಿರಿ ಮಾಡಿದರೆ ಭಾರತೀಯ ನ್ಯಾಯ ಸಂಹಿತೆಯ 355ನೇ ಕಲಂನಡಿ 24 ಗಂಟೆವರೆಗೆ ಸೆರೆ, 1,000 ರೂಪಾಯಿವರೆಗೆ ದಂಡ, ಅಥವಾ ಸಮುದಾಯ ಸೇವೆ. ಸಮುದಾಯ ಸೇವೆಯನ್ನು ಶಿಕ್ಷೆಯಾಗಿ ಸೇರಿಸಿರುವುದು 2024ರ ಜುಲೈನಿಂದ ಜಾರಿಗೆ ಬಂದ ಈ ಹೊಸ ಸಂಹಿತೆಯ ಒಂದು ಒಳ್ಳೆಯ ಅಂಶವೆಂದೇ ನನ್ನ ಅನಿಸಿಕೆ. ಸಾರ್ವಜನಿಕ ಸ್ಥಳದಲ್ಲಿ ಸಿಗರೇಟಿಗೆ ಇದ್ದ 200 ರೂಪಾಯಿ ದಂಡವನ್ನು ಕರ್ನಾಟಕ 1,000ಕ್ಕೆ ಏರಿಸಿದೆ.

ದಂಡದ ಮೊತ್ತ ಏರಿಸಿದರೆ ಹೆದರಿಕೆ ಏರುತ್ತದೆ ಅಂದುಕೊಳ್ಳುತ್ತೇವೆ. ಅಪರಾಧಶಾಸ್ತ್ರ ಮತ್ತೆ ಮತ್ತೆ ಕಂಡುಕೊಂಡಿರುವುದು ಬೇರೆ: ಶಿಕ್ಷೆ ಎಷ್ಟು ದೊಡ್ಡದು ಎಂಬುದಕ್ಕಿಂತ ಸಿಕ್ಕಿಬೀಳುವುದು ಎಷ್ಟು ಖಚಿತ ಎಂಬುದೇ ಜನರನ್ನು ತಡೆಯುತ್ತದೆ. ಸಾವಿರಕ್ಕೊಬ್ಬರಿಗೆ ಬೀಳುವ ಸಾವಿರ ರೂಪಾಯಿಗಿಂತ ಹತ್ತಕ್ಕೊಬ್ಬರಿಗೆ ಬೀಳುವ ನೂರು ರೂಪಾಯಿ ಹೆಚ್ಚು ಕೆಲಸ ಮಾಡುತ್ತದೆ. ಅದಕ್ಕೂ ಮೊದಲು, ಸರಿಯಾಗಿ ನಡೆದುಕೊಳ್ಳಲು ಒಂದು ದಾರಿ ಇರಬೇಕು: ತೆರೆದ ಶೌಚಾಲಯ, ಕೈಗೆಟಕುವ ಕಸದ ಬುಟ್ಟಿ, ದಾಟಲು ಸಿಗ್ನಲ್ಲು. ದಾರಿ ಕೊಡದೆ ದಂಡ ಹಾಕಿದರೆ ಅದು ಬಡತನದ ಮೇಲಿನ ಸುಂಕವಾಗುತ್ತದೆ.

ಬೆಳಕು, ಕ್ಯಾಮೆರಾ, ಗಸ್ತು

ಬೆಳಕಿನ ಬಗ್ಗೆ ಒಂದು ಗಟ್ಟಿ ಪುರಾವೆ ಇದೆ. ನ್ಯೂಯಾರ್ಕಿನ ಸರ್ಕಾರಿ ವಸತಿ ಸಮುಚ್ಚಯಗಳಲ್ಲಿ ಕೆಲವನ್ನು ಚೀಟಿ ಎತ್ತಿದಂತೆ ಆರಿಸಿ 2016ರಲ್ಲಿ ಹೆಚ್ಚುವರಿ ದೀಪ ಹಾಕಿದಾಗ, ರಾತ್ರಿ ಹೊರಗೆ ನಡೆಯುವ ಗಂಭೀರ ಅಪರಾಧಗಳು ಸುಮಾರು ಶೇ. 36ರಷ್ಟು ಕಡಿಮೆಯಾದವು. ಆದರೆ ಎಂಥ ಬೆಳಕು ಎಂಬುದೂ ಮುಖ್ಯ. ನಮ್ಮಲ್ಲಿ ಕಂಬಗಳು ರಸ್ತೆಯ ಮಧ್ಯಕ್ಕೆ ಮುಖ ಮಾಡಿರುತ್ತವೆ, ಮಳೆಮರಗಳ ಕೊಂಬೆಯ ಕೆಳಗಿನ ಫುಟ್‌ಪಾತು ಕತ್ತಲಲ್ಲೇ ಉಳಿಯುತ್ತದೆ. ಎತ್ತರದ ಹೈಮಾಸ್ಟ್ ದೀಪದಡಿ ಕಣ್ಣು ಕೋರೈಸಿ, ಪಕ್ಕದ ಸಂದಿ ಇನ್ನಷ್ಟು ಕಪ್ಪಾಗುತ್ತದೆ. ಎದುರು ಬರುವವರ ಮುಖ ನಾಲ್ಕು ಹೆಜ್ಜೆ ದೂರದಿಂದ ಗುರುತು ಸಿಗುವಷ್ಟು, ಎಲ್ಲ ಕಡೆ ಸಮನಾಗಿ ಹರಡಿದ, ಆಳೆತ್ತರಕ್ಕಿಂತ ಸ್ವಲ್ಪ ಮೇಲಿನ ದೀಪ ನಡೆಯುವವರಿಗೆ ಬೇಕು.

ಇದನ್ನು ಸರಿಮಾಡಿಸಲು ಹೊರಟರೆ ಇನ್ನೊಂದು ತೊಡಕು. ದೀಪ, ಫುಟ್‌ಪಾತು, ಅಡ್ಡ ಬಂದ ಕೊಂಬೆ ಪಾಲಿಕೆಯದು, ಟ್ರಾನ್ಸ್‌ಫಾರ್ಮರ್ ಬೆಸ್ಕಾಂನದು, ಮ್ಯಾನ್‌ಹೋಲ್ ಜಲಮಂಡಳಿಯದು, ಮೆಟ್ಟಿಲು ಮೆಟ್ರೊದ್ದು. ಗಂಡ ಹೆಂಡಿರ ಜಗಳದಲ್ಲಿ ಕೂಸು ಬಡವಾದ ಹಾಗೆ ಮೂಲೆ ಕತ್ತಲಲ್ಲೇ ಇರುತ್ತದೆ. 2025ರ ಸೆಪ್ಟೆಂಬರಿನಲ್ಲಿ ಬೃಹತ್ ಪಾಲಿಕೆ ಹೋಗಿ ಗ್ರೇಟರ್ ಬೆಂಗಳೂರು ಪ್ರಾಧಿಕಾರದಡಿ ಐದು ಪಾಲಿಕೆಗಳು ಬಂದಿವೆ. ಊರಿನ ನಡುಭಾಗಕ್ಕೆ ಕೇಂದ್ರ ನಗರ ಪಾಲಿಕೆ ಎಂದು ಒಂದು ಬೇರೆಯದೇ ಆಡಳಿತ ಸಿಕ್ಕಿದೆ. ಒಂದು ಬೀದಿಗೆ ಒಬ್ಬ ಹೊಣೆಗಾರ ಎಂಬ ಸರಳ ವ್ಯವಸ್ಥೆಯನ್ನು ಇದಾದರೂ ತಂದರೆ ಅರ್ಧ ಸಮಸ್ಯೆ ಕರಗುತ್ತದೆ.

ಕ್ಯಾಮೆರಾಗಳಿಗೆ ಬರೋಣ. 2012ರ ಡಿಸೆಂಬರಿನ ದೆಹಲಿಯ ಘೋರ ಅತ್ಯಾಚಾರದ ನಂತರ ಹುಟ್ಟಿದ ನಿರ್ಭಯಾ ನಿಧಿಯಿಂದ ಬೆಂಗಳೂರೂ ಸೇರಿ ಎಂಟು ನಗರಗಳಿಗೆ ಸೇಫ್ ಸಿಟಿ ಯೋಜನೆ ಬಂತು. ನಮ್ಮ ಪಾಲಿನದು 667 ಕೋಟಿ ರೂಪಾಯಿಯ ಯೋಜನೆ. ಸಾವಿರಾರು ಕ್ಯಾಮೆರಾ, 2023ರಲ್ಲಿ ತೆರೆದ ಕಮಾಂಡ್ ಸೆಂಟರ್, ಗುಂಡಿ ಒತ್ತಿದರೆ ಪೊಲೀಸರೊಂದಿಗೆ ನೇರ ಮಾತಾಡಿಸುವ ‘ಸೇಫ್ಟಿ ಐಲ್ಯಾಂಡ್’ ಕಂಬಗಳು. ಕ್ಯಾಮೆರಾಗಳ ಬಗ್ಗೆ ಹಲವು ದೇಶಗಳ 40 ವರ್ಷದ ಅಧ್ಯಯನಗಳನ್ನು ಒಟ್ಟು ಮಾಡಿ ನೋಡಿದವರು ಕಂಡದ್ದು ಇದು: ಅಪರಾಧ ಸರಾಸರಿ ಶೇ. 13ರಷ್ಟು ಇಳಿಯುತ್ತದೆ. ವಾಹನ ನಿಲ್ಲಿಸುವ ಜಾಗಗಳಲ್ಲಿ ಚೆನ್ನಾಗಿ ಕೆಲಸ ಮಾಡುತ್ತದೆ, ಹೊಡೆದಾಟದಂಥ ಹಿಂಸೆಯ ಮೇಲೆ ಪರಿಣಾಮ ಅಷ್ಟಾಗಿ ಇಲ್ಲ. ಕುಡಿದು ಹುಚ್ಚೆದ್ದವನು ಕ್ಯಾಮೆರಾ ನೋಡಿ ಲೆಕ್ಕ ಹಾಕುವುದಿಲ್ಲ. ಆದ್ದರಿಂದ ಕೇಳಬೇಕಾದ ಪ್ರಶ್ನೆ ಎಷ್ಟು ಕ್ಯಾಮೆರಾ ಎಂಬುದಲ್ಲ. ಗುಂಡಿ ಒತ್ತಿದ ಮೇಲೆ, 112ಕ್ಕೆ ಕರೆ ಮಾಡಿದ ಮೇಲೆ ಪೊಲೀಸರ ಹೊಯ್ಸಳ ಗಸ್ತು ಗಾಡಿ ಎಷ್ಟು ನಿಮಿಷಕ್ಕೆ ಬರುತ್ತದೆ, ಬಂದವರು ‘ಈ ಹೊತ್ತಲ್ಲಿ ಇಲ್ಲಿ ನಿಮಗೇನು ಕೆಲಸ’ ಅನ್ನುತ್ತಾರೋ ‘ಹೇಳಿ ಮೇಡಂ, ಏನಾಯ್ತು’ ಅನ್ನುತ್ತಾರೋ ಎಂಬುದು. ಒಮ್ಮೆ ನನಗೆ ಮೊದಲನೆಯ ಮಾತು ಸಿಕ್ಕಿತ್ತು. ಆಮೇಲೆ ಬಹಳ ವರ್ಷ ನಾನು ಪೊಲೀಸರನ್ನು ಕರೆಯಲೇ ಇಲ್ಲ. ಒಂದು ವಾಕ್ಯ ಅಷ್ಟು ದೂರ ಹೋಗುತ್ತದೆ.

ಗಸ್ತಿನ ಬಗ್ಗೆ ಉಪಯುಕ್ತ ತಿಳಿವೊಂದಿದೆ. ಮಿನಿಯಾಪೊಲಿಸ್ ನಗರದ ಅಪರಾಧ ದಟ್ಟವಾದ ತಾಣಗಳನ್ನು ಗಮನಿಸಿದಾಗ, ಪೊಲೀಸರು ಒಂದು ಮೂಲೆಯಲ್ಲಿ ಹತ್ತರಿಂದ ಹದಿನೈದು ನಿಮಿಷ ಇದ್ದು ಹೋದರೆ ಅದರ ಪ್ರಭಾವ ಅವರು ಹೋದ ಮೇಲೂ ಉಳಿಯುತ್ತದೆ ಎಂದು ತಿಳಿದುಬಂತು. ಅದಕ್ಕಿಂತ ಹೆಚ್ಚು ನಿಂತರೆ ಹೆಚ್ಚಿನ ಫಲವಿಲ್ಲ. ಅಂದರೆ ದಿನವಿಡೀ ಜೀಪು ನಿಲ್ಲಿಸುವುದಕ್ಕಿಂತ, ಹೆಸರು ಗೊತ್ತಿರುವ ಬೀಟ್ ಪೊಲೀಸರು ಹೊತ್ತು ಬದಲಿಸುತ್ತಾ ಮತ್ತೆ ಮತ್ತೆ ನಡೆದು ಬರುವುದು ಮೇಲು. ಕರ್ನಾಟಕ ಪೊಲೀಸರು 2017ರಲ್ಲಿ ಪ್ರತಿ ಬೀಟಿಗೂ ಒಬ್ಬೊಬ್ಬ ಕಾನ್‌ಸ್ಟೇಬಲ್‌ಗೆ ಹೊಣೆ ಕೊಟ್ಟು, ಸ್ಥಳೀಯರನ್ನು ಸದಸ್ಯರಾಗಿ ಸೇರಿಸಿಕೊಳ್ಳುವ ಪದ್ಧತಿ ತಂದರು. ನಿಮ್ಮ ಬೀದಿಯ ಬೀಟ್ ಪೊಲೀಸ್ ಯಾರೆಂದು ನಿಮಗೆ ಗೊತ್ತಿಲ್ಲದಿದ್ದರೆ ಠಾಣೆಗೆ ಹೋಗಿ ಕೇಳಿ, ಹೇಳುತ್ತಾರೆ. ದೂರು ಕೊಡುವಾಗ ‘ಇದು ನಮ್ಮ ವ್ಯಾಪ್ತಿಯಲ್ಲ, ಅಶೋಕನಗರಕ್ಕೆ ಹೋಗಿ, ಕಬ್ಬನ್ ಪಾರ್ಕಿಗೆ ಹೋಗಿ’ ಎಂದರೆ ಒಪ್ಪಬೇಕಾಗಿಲ್ಲ. ಗಂಭೀರ ಅಪರಾಧವಾಗಿದ್ದರೆ ಯಾವ ಠಾಣೆಯಲ್ಲಾದರೂ ‘ಝೀರೋ ಎಫ್‌ಐಆರ್’ ದಾಖಲಿಸಿಕೊಳ್ಳಲೇಬೇಕು.

ಜನವೇ ಭಯವಾದಾಗ

ಇಷ್ಟೆಲ್ಲ ಹೇಳಿ, ಜನರಿದ್ದರೆ ಸುರಕ್ಷತೆ ಎಂದು ನಿಲ್ಲಿಸಿದರೆ ಸುಳ್ಳಾಗುತ್ತದೆ. 2016ರ ಕೊನೆಯ ರಾತ್ರಿ ಎಂ.ಜಿ. ರಸ್ತೆ, ಬ್ರಿಗೇಡ್ ರಸ್ತೆಗಳಲ್ಲಿ ಕಾಲಿಡಲು ಜಾಗವಿಲ್ಲದಷ್ಟು ಜನ. ಆ ಗುಂಪಿನ ನಡುವೆಯೇ ಹೆಣ್ಣುಮಕ್ಕಳ ಮೈಮೇಲೆ ಕೈಹಾಕಿದರು. ಜಗಲಿಯ ಕಣ್ಣಿಗೂ ಜಾತ್ರೆಯ ಕಣ್ಣಿಗೂ ಇರುವ ವ್ಯತ್ಯಾಸ ಅಲ್ಲಿ ಕಂಡಿತು. ಅಲ್ಲಿದ್ದವರಿಗೆ ಆ ಬೀದಿ ತಮ್ಮದಾಗಿರಲಿಲ್ಲ, ಒಬ್ಬರ ಗುರುತು ಇನ್ನೊಬ್ಬರಿಗಿರಲಿಲ್ಲ, ಗಂಡಸರೇ ತುಂಬಿಕೊಂಡಿದ್ದರು, ಕುಡಿತವಿತ್ತು, ಹೊರಹೋಗಲು ದಾರಿಯಿರಲಿಲ್ಲ. 2017ರಲ್ಲಿ ಹೆಣ್ಣುಮಕ್ಕಳ ನೆರವಿಗೆಂದು ಪಿಂಕ್ ಹೊಯ್ಸಳ ಗಸ್ತು ವಾಹನಗಳು ಬಂದವು. ಆಮೇಲಿನ ವರ್ಷಗಳಲ್ಲಿ ಹೊಸವರ್ಷದ ರಾತ್ರಿ ಬ್ರಿಗೇಡ್ ರಸ್ತೆಯಲ್ಲಿ ನಡೆಯುವವರಿಗೂ ಏಕಮುಖ ಸಂಚಾರ, ತಡರಾತ್ರಿ ಎಂ.ಜಿ. ರಸ್ತೆ ಮೆಟ್ರೊ ನಿಲ್ದಾಣ ಮುಚ್ಚಿ ಜನರನ್ನು ಟ್ರಿನಿಟಿ, ಕಬ್ಬನ್ ಪಾರ್ಕ್ ನಿಲ್ದಾಣಗಳಿಗೆ ಹಂಚುವುದು ರೂಢಿಯಾಯಿತು. ಜನ ಗೊಣಗುತ್ತಾರೆ, ಆದರೆ ಇದು ಸರಿಯಾದ ಕ್ರಮ. ಒಂದು ಚದರ ಮೀಟರಿನಲ್ಲಿ ಐದಾರು ಮಂದಿಗಿಂತ ಹೆಚ್ಚಾದರೆ ಯಾರೂ ತಮ್ಮ ಕಾಲಿನ ಮೇಲೆ ತಾವು ನಿಂತಿರುವುದಿಲ್ಲ, ಗುಂಪು ನೀರಿನಂತೆ ಹೊಯ್ದಾಡುತ್ತದೆ. 2025ರ ಜೂನ್ 4ರಂದು ಚಿನ್ನಸ್ವಾಮಿ ಕ್ರೀಡಾಂಗಣದ ಗೇಟುಗಳ ಬಳಿ 11 ಜನರ ಜೀವ ಹೋದದ್ದು ಇದೇ ನಡುಭಾಗದಲ್ಲಿ. ಅವರಲ್ಲಿ ಹೆಚ್ಚಿನವರು ಸಂಭ್ರಮಕ್ಕೆಂದು ಬಂದ ಚಿಕ್ಕ ವಯಸ್ಸಿನವರು.

ಇನ್ನೊಂದು ಭಯವನ್ನು ನಾವೇ ತಯಾರಿಸುತ್ತೇವೆ: ಮಲಗಿದವರು, ಬೇಡುವವರು, ಹಿಜಡಾ ಸಮುದಾಯದವರು ಕಂಡರೆ ಬೀದಿ ಹಾಳಾಗಿದೆ ಅನ್ನುವುದು. ಮೆಜೆಸ್ಟಿಕ್ ಸುತ್ತ ಸ್ಕೈವಾಕಿನಡಿ ಮಲಗುವವರಲ್ಲಿ ಬಹುಪಾಲು ಬೆಳಗ್ಗೆ ಎದ್ದು ಮೂಟೆ ಹೊರುವವರು, ಮದುವೆ ಮನೆಯಲ್ಲಿ ಪಾತ್ರೆ ತೊಳೆಯುವವರು. ರಾತ್ರಿ ಅತಿ ಹೆಚ್ಚು ಅಪಾಯದಲ್ಲಿರುವವರೂ ಅವರೇ. ಪ್ರತಿ ಒಂದು ಲಕ್ಷ ಜನಸಂಖ್ಯೆಗೆ ಒಂದು ರಾತ್ರಿ ಆಶ್ರಯತಾಣ ಇರಬೇಕೆಂದು ಸುಪ್ರೀಂ ಕೋರ್ಟ್ 2010ರಲ್ಲೇ ಹೇಳಿದೆ. ಬೆಂಗಳೂರಿನವರು ಆಸ್ತಿ ತೆರಿಗೆಯೊಂದಿಗೆ ಶೇ. 3ರಷ್ಟು ಭಿಕ್ಷುಕರ ಸೆಸ್ ಕಟ್ಟುತ್ತಾರೆ. 1975ರ ಭಿಕ್ಷಾಟನೆ ನಿಷೇಧ ಕಾಯ್ದೆಯ ಕಾಲದಿಂದ ಬಂದ ಹಣ ಅದು. ಆದರೆ 2010ರಲ್ಲಿ, ಭಿಕ್ಷುಕರನ್ನು ಹಿಡಿದು ತಂದು ಇಡುತ್ತಿದ್ದ ಮಾಗಡಿ ರಸ್ತೆಯ ನಿರಾಶ್ರಿತರ ಕೇಂದ್ರದಲ್ಲಿ ಸಾಲು ಸಾಲು ಸಾವು ಸಂಭವಿಸಿತು. ಬೀದಿ ಖಾಲಿ ಮಾಡಿಸಿದ ಮಾತ್ರಕ್ಕೆ ಯಾರೂ ಸುರಕ್ಷಿತರಾಗಲಿಲ್ಲ.

ಬೆಂಗಳೂರಿನಲ್ಲೇ 2003ರಲ್ಲಿ ಹುಟ್ಟಿದ ‘ಬ್ಲ್ಯಾಂಕ್ ನಾಯ್ಸ್’ ಬಳಗ ಇದಕ್ಕೆ ತದ್ವಿರುದ್ಧವಾದುದನ್ನು ಮಾಡಿತು. ಹೆಣ್ಣುಮಕ್ಕಳು ಕಬ್ಬನ್ ಪಾರ್ಕಿನಲ್ಲಿ ಚಾಪೆ ಹಾಸಿ, ಕಾವಲಿಲ್ಲದೆ ಹಗಲಲ್ಲಿ ನಿದ್ದೆ ಮಾಡಿದರು. ಪಾರ್ಕಿನಲ್ಲಿ ಗಂಡಸರು ಮಲಗುವುದು ದಿನನಿತ್ಯದ ದೃಶ್ಯ. ಒಬ್ಬ ಹೆಂಗಸು ಹಾಗೆ ಕಣ್ಣು ಮುಚ್ಚಬೇಕಾದರೆ ಮೈಯೆಲ್ಲ ಎಷ್ಟು ಬಿಗಿಯಾಗಿರುತ್ತದೆ ಎಂಬುದು ಮಲಗಿ ನೋಡಿದವರಿಗೇ ಗೊತ್ತು.

ನಿಮ್ಮ ಬೀದಿಯಲ್ಲಿ ಶುರು ಮಾಡಬೇಕೆಂದರೆ ಒಂದು ರಾತ್ರಿ ಎಂಟರ ನಂತರ ಐದಾರು ಮಂದಿ ಒಟ್ಟಿಗೆ ನಡೆಯಿರಿ. ಅದರಲ್ಲಿ ಅರ್ಧಕ್ಕಿಂತ ಹೆಚ್ಚು ಹೆಂಗಸರಿರಲಿ, ಕೋಲು ಹಿಡಿದು ನಡೆಯುವ ಹಿರಿಯರೊಬ್ಬರಿರಲಿ. ದೆಹಲಿಯ ‘ಸೇಫ್ಟಿಪಿನ್’ ಸಂಸ್ಥೆ ಇಂಥ ನಡಿಗೆಗೆ ಒಂಬತ್ತು ಅಳತೆಗಳನ್ನು ಮಾಡಿಕೊಂಡಿದೆ. ಬೆಳಕು, ನಡೆಯುವ ಹಾದಿ, ಬಸ್ಸು-ಮೆಟ್ರೊ ಎಷ್ಟು ಹತ್ತಿರ, ಯಾರ ಕಣ್ಣಿಗಾದರೂ ಬೀಳುತ್ತೇವೆಯೇ, ಕಾಣುವ ಜನರಲ್ಲಿ ಹೆಂಗಸರೆಷ್ಟು, ಕೊನೆಗೆ ನಿಂತಾಗ ಮನಸ್ಸಿಗೆ ಏನನ್ನಿಸಿತು ಎಂಬುದೂ ಅವುಗಳಲ್ಲಿದೆ. ಕಂಬದ ನಂಬರ್ ಬರೆದುಕೊಳ್ಳಿ. ಬೀಗ ಬಿದ್ದ ಶೌಚಾಲಯದ ಫೋಟೊ ತೆಗೆಯಿರಿ. ಆ ಪಟ್ಟಿಯನ್ನು ವಾರ್ಡ್ ಸಮಿತಿಗೂ ಬೀಟ್ ಪೊಲೀಸರಿಗೂ ಒಂದೇ ದಿನ ಕೊಟ್ಟು, ತಿಂಗಳು ಕಳೆದು ಅದೇ ಹಾದಿಯಲ್ಲಿ ಮತ್ತೆ ನಡೆಯಿರಿ. ಹೋಗುವಾಗ ಹೂವಿನವರ ಹತ್ತಿರ ನಿಂತು ವಿಚಾರಿಸಿ. ಆ ಮೂಲೆಯಲ್ಲಿ ಎಷ್ಟು ಗಂಟೆಗೆ ಯಾರು ಬಂದು ನಿಲ್ಲುತ್ತಾರೆ, ಯಾವ ದೀಪ ಯಾವತ್ತಿನಿಂದ ಉರಿಯುತ್ತಿಲ್ಲ ಎಂಬುದು ಅವರಿಗೆ ದಿನದ ಸಮೇತ ಗೊತ್ತಿರುತ್ತದೆ.